ಮಾರ್ಜಾಲ ಗುರುವಿನ ಶಾಲೆ

‘ನಾವು ಬೆಕ್ಕು ಸಾಕಿದ್ದೇವೆ’ ಎಂದು ಜನರು ಹೇಳುವುದುಂಟು. ಈ ವಾಕ್ಯದಲ್ಲಿ ಕರ್ತೃ ಯಾರು, ಕರ್ಮ ಯಾವುದು ಎಂಬುದನ್ನು ವ್ಯಾಕರಣದ ಅಧ್ಯಾಪಕರು ಇನ್ನೊಮ್ಮೆ ಪರಿಶೀಲಿಸುವುದು ಒಳ್ಳೆಯದು. ನಾವು ಕರೆದರೆ ನಾಯಿ ಬರುತ್ತದೆ. ಬೆಕ್ಕು ಕರೆದರೆ ನಾವು ಹೋಗುತ್ತೇವೆ. ಕುರ್ಚಿಯಲ್ಲಿ ಅದು ಮಲಗಿದ್ದರೆ ಮನೆಯ ಯಜಮಾನರು ಚಾಪೆ ಹುಡುಕುತ್ತಾರೆ. ಹಾಲಿನ ಗಡಿಗೆ ನೆಲುವನ್ನೇರಿದ್ದು ಯಾರ ದೆಸೆಯಿಂದ? ಮೀಸೆಯುಳ್ಳ ಈ ಗುರುವಿನ ದೆಸೆಯಿಂದಲೇ ಅಲ್ಲವೇ?

ಇದರ ಪಾಠಕ್ರಮ ಗೂಢವೇನಲ್ಲ. ಅಮೇರಿಕದ ಮನಶ್ಶಾಸ್ತ್ರಜ್ಞ ಥಾರ್ನ್‌ಡೈಕ್ ಹಸಿದ ಬೆಕ್ಕುಗಳನ್ನು ಮರದ ಪೆಟ್ಟಿಗೆಯಲ್ಲಿಟ್ಟು, ಹೊರಗೆ ಆಹಾರವಿರಿಸಿ ಮಾಡಿದ ಪ್ರಯೋಗಗಳನ್ನು ೧೮೯೮ರಲ್ಲಿ ಪ್ರಕಟಿಸಿದನು. ಮೊದಲು ಪರಚಿ, ಕಚ್ಚಿ, ಒದ್ದಾಡಿ ಹೇಗೋ ಬಾಗಿಲು ತೆರೆದ ಬೆಕ್ಕು, ಮತ್ತೆ ಮತ್ತೆ ಇಟ್ಟಾಗ ವ್ಯರ್ಥ ಚೇಷ್ಟೆಗಳನ್ನು ಬಿಟ್ಟು ಬೇಗನೆ ಹೊರಬರುತ್ತಿತ್ತು. ಫಲ ಕೊಟ್ಟ ಕ್ರಿಯೆ ಉಳಿಯುತ್ತದೆ, ಕೊಡದ ಕ್ರಿಯೆ ಅಳಿಯುತ್ತದೆ. ನಮ್ಮ ಮನೆಗಳಲ್ಲಿ ಆ ಪೆಟ್ಟಿಗೆ ನಾವೇ! ಕೂಗಿ, ಕಾಲಿಗೆ ಸುತ್ತಿ, ಹೊದಿಕೆ ಎಳೆದು, ಎಲ್ಲಿ ಒತ್ತಿದರೆ ನಾವು ತೆರೆಯುತ್ತೇವೆಂಬುದನ್ನು ಬೆಕ್ಕು ಕಲಿತಿದೆ. ಹಾಲು ಹಾಕಿದೊಡನೆ ಕೂಗು ನಿಲ್ಲುತ್ತದೆ. ಆ ನಿಶ್ಶಬ್ದವೇ ನಮಗೆ ಬಹುಮಾನ. ಒಂಬತ್ತು ಕೂಗಿಗೆ ಸುಮ್ಮನಿದ್ದು ಹತ್ತನೆಯದಕ್ಕೆ ಎದ್ದರಂತೂ, ಹತ್ತು ಸಲ ಕೂಗಬೇಕೆಂಬ ಪಾಠವನ್ನು ನಾವೇ ಹೇಳಿಕೊಟ್ಟಂತೆ.

ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಕ್ಯಾರೆನ್ ಮ್ಯಾಕೋಂಬ್ ಮತ್ತು ಸಂಗಡಿಗರು ೨೦೦೯ರಲ್ಲಿ ಇನ್ನೊಂದು ಗುಟ್ಟನ್ನು ಹೊರಗೆಡವಿದರು. ಆಹಾರ ಬೇಡುವಾಗಿನ ಗುರುಗುರು ಸದ್ದಿನೊಳಗೆ ಬೆಕ್ಕು ಎಳೆಗೂಸಿನ ಅಳುವನ್ನು ಹೋಲುವ ಸಣ್ಣ ಕೂಗೊಂದನ್ನು ಬೆರೆಸುತ್ತದೆ. ಬೆಕ್ಕು ಸಾಕದವರ ಕಿವಿಗೂ ಅದು ಅವಸರದ ಕರೆಯೆನಿಸಿತು. ಕೂಸಿನ ಅಳುವಿಗೆ ಕರಗುವ ಹೃದಯವನ್ನೇ ಅದು ಹಿಡಿದಿದೆ!

ಆದರೂ ಬೆಕ್ಕನ್ನು ಸೋಮಾರಿಯೆಂದು ಜರೆಯುವುದು ನ್ಯಾಯವಲ್ಲ. ಹಾನಗಲ್ಲಿನ ಭತ್ತಕ್ಕೂ ಹಿರೇಕೆರೂರಿನ ಗೋವಿನಜೋಳಕ್ಕೂ ಶಿಗ್ಗಾಂವಿಯ ಶೇಂಗಾಕ್ಕೂ ಇಲಿಯ ಕಾಟ ತಪ್ಪಿದ್ದಲ್ಲ. ಕಾಳಿನ ಚೀಲಗಳಿಗೆ ರಾತ್ರಿಯ ಕಾವಲುಗಾರ ಬೆಕ್ಕೇ. ಈ ಒಪ್ಪಂದ ಬಹಳ ಹಳೆಯದು. ಸುಮಾರು ೯,೫೦೦ ವರ್ಷಗಳ ಹಿಂದೆ ಮನುಷ್ಯನೊಬ್ಬನ ಪಕ್ಕದಲ್ಲಿ ಹೂಳಿದ ಬೆಕ್ಕಿನ ಎಲುಬುಗಳು ಸೈಪ್ರಸ್ ದ್ವೀಪದಲ್ಲಿ ದೊರೆತಿವೆ. ಆಫ್ರಿಕ ಮೂಲದ ದೊಡ್ಡಹುಣಸೆ ಮರಗಳು ಸವಣೂರಿನವೇ ಆದಂತೆ, ಹೊರನಾಡಿನ ಕಾಡುಬೆಕ್ಕಿನ ಸಂತತಿಯೂ ನಮ್ಮ ಪಡಸಾಲೆಯದೇ ಆಯಿತು. ದುಡಿದವನು ಕೂಲಿ ಕೇಳಿದರೆ ತಪ್ಪೇನು?

ನನ್ನ ತಕರಾರು ಬೆಕ್ಕಿನ ಮೇಲಲ್ಲ. ನಸುಕಿನಲ್ಲಿ ಅದು ಕೂಗಿದಾಗ ಏಳುವವರು ಯಾರು? ಅವ್ವ, ಇಲ್ಲವೆ ಅಕ್ಕ. ಓದುವ ಗಂಡುಮಕ್ಕಳು “ಯವ್ವಾ, ಬೆಕ್ಕು ಒದರಾಕ ಹತ್ತೈತಿ ನೋಡು” ಎಂದು ಮಗ್ಗುಲು ಬದಲಿಸುತ್ತಾರೆ. ಬೆಕ್ಕಿಗೆ ಹಾಲಿಟ್ಟ ಕೈಯೇ ಒಲೆ ಹೊತ್ತಿಸಿ, ರೊಟ್ಟಿ ಬಡಿದು, ಇವರಿಗೆ ಚಹಾ ತಂದುಕೊಡುತ್ತದೆ. ಥಾರ್ನ್‌ಡೈಕನ ಬೆಕ್ಕಿನಂತೆ ಇವರೂ ಕಲಿತಿದ್ದಾರೆ: ‘ಯವ್ವಾ’ ಎಂದರೆ ಬಾಗಿಲು ತೆರೆಯುತ್ತದೆ.

ಬೆಕ್ಕಿಗಾದರೂ ಒಂದು ಸಬೂಬುಂಟು. ನೆಲುವಿನ ಗಡಿಗೆ ಇಳಿಸಿ ಹಾಲು ಬಗ್ಗಿಸಿಕೊಳ್ಳಲು ಅದಕ್ಕೆ ಕೈಗಳಿಲ್ಲ. ಪದವಿಗೆ ಓದುವವರಿಗೆ ಎರಡು ಕೈಗಳೂ ಇವೆ. ವಾಚಕ ಮಿತ್ರರೇ, ಮನಶ್ಶಾಸ್ತ್ರದ ಈ ಪಾಠವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದರೆ ಸಾಲದು. ನಾಳೆ ನಸುಕಿನಲ್ಲಿ ಬೆಕ್ಕು ಕೂಗಿದಾಗ ನೀವು ಏಳಿರಿ. ಹಾಲೂ ಹಾಕಿರಿ, ಒಲೆಯ ಮೇಲೆ ಚಹಾದ ನೀರನ್ನೂ ಇಡಿರಿ. ಅವ್ವ ಇನ್ನೊಂದು ತಾಸು ಮಲಗಲಿ.