ಕಂಡದ್ದೆಷ್ಟು, ಊಹಿಸಿದ್ದೆಷ್ಟು?

ಲಿಂಗಸುಗೂರಿನ ವಾಚಕರೊಬ್ಬರು ನಮಗೊಂದು ಪತ್ರ ಬರೆದಿರುವರು. ಅವರ ಮಗಳು ಬೆಂಗಳೂರಿನಲ್ಲಿ ಜೀವಶಾಸ್ತ್ರವನ್ನು ವ್ಯಾಸಂಗಮಾಡುತ್ತಿರುವಳಂತೆ. ತನ್ನ ಪ್ರಯೋಗಶಾಲೆಯ ಸೂಕ್ಷ್ಮದರ್ಶಕವು ಜೀವಕೋಶದ ಮೇಲೆ ಪಟ್ಟೆಪಟ್ಟೆಯಾದ ಬೆಳಕನ್ನು ಚೆಲ್ಲುವುದೆಂದೂ, ಬಳಿಕ ಗಣಕಯಂತ್ರವು ತಾನು ಕಲಿತ ವಿದ್ಯೆಯಿಂದ ಚಿತ್ರವನ್ನು ತಿದ್ದಿಕೊಡುವುದೆಂದೂ ಆಕೆ ಹೇಳಿದಳಂತೆ. “ಹಾಗಾದರೆ ಅಲ್ಲಿ ಕಾಣುವುದು ವಸ್ತುವೋ, ಯಂತ್ರದ ಕಲ್ಪನೆಯೋ? ತಾವೇ ತೀರ್ಮಾನ ಹೇಳಬೇಕು” ಎಂದು ತಂದೆಯವರ ಆಗ್ರಹ. ಪ್ರಶ್ನೆಯು ಬಲು ಹಳೆಯದು. ನಮ್ಮ ನೈಯಾಯಿಕರು ಪ್ರತ್ಯಕ್ಷ, ಅನುಮಾನಗಳೆಂದು ಪ್ರಮಾಣಗಳನ್ನು ವಿಂಗಡಿಸುವಾಗ ಎದುರಿಸಿದ್ದೂ ಇದನ್ನೇ. ಆದರೆ ಉತ್ತರಕ್ಕೆ ಮೊದಲು ಯಂತ್ರದ ಪರಿಚಯವಾಗಬೇಕು.

ಬ್ಯಾಂಕಿನ ಗುಮಾಸ್ತರು ನೋಟನ್ನು ನೇರಳೆ ದೀಪದ ಕೆಳಗೆ ಹಿಡಿಯುವುದನ್ನು ನಮ್ಮ ವಾಚಕರು ನೋಡಿಯೇ ಇರುವರು. ಕಣ್ಣಿಗೆ ಕಾಣದ ಕಿರಣವು ನೋಟಿನ ಮೇಲೆ ಬಿದ್ದೊಡನೆ ಅದರ ಸಂಖ್ಯೆಗಳು ಹೊಳೆಯತೊಡಗುವುವು. ಅರಿಸಿನವನ್ನು ಎಣ್ಣೆಯಲ್ಲಿ ಕದಡಿ ಅದೇ ದೀಪಕ್ಕೆ ಒಡ್ಡಿದರೆ ಅದೂ ಹೊಳೆಯುವುದು. ಒಂದು ಬಣ್ಣದ ಬೆಳಕನ್ನು ನುಂಗಿ ಮತ್ತೊಂದು ಬಣ್ಣದ ಬೆಳಕನ್ನು ಹೊರಸೂಸುವ ಈ ಗುಣಕ್ಕೆ ಪ್ರತಿದೀಪ್ತಿಯೆಂದು ಹೆಸರು. ಜೀವಕೋಶದಲ್ಲಿ ನಮಗೆ ಬೇಕಾದ ಅಂಗಕ್ಕೆ ಮಾತ್ರ ಇಂಥ ಬಣ್ಣವನ್ನು ಅಂಟಿಸಿದರೆ, ಕತ್ತಲೆಯ ಹಿನ್ನೆಲೆಯಲ್ಲಿ ಅದೊಂದೇ ಬೆಳಗುವುದು. ಇದೇ ಪ್ರತಿದೀಪ್ತಿ ಸೂಕ್ಷ್ಮದರ್ಶನದ ಮರ್ಮ.

ಬೆಳಗಿದ್ದೆಲ್ಲವೂ ಸ್ಪಷ್ಟವಾಗಿ ಕಾಣುವುದೆಂದು ಮಾತ್ರ ಎಣಿಸಬಾರದು. ಬೆಳಕು ಅಲೆಯಾದುದರಿಂದ ಅದರ ನೋಟಕ್ಕೊಂದು ಎಲ್ಲೆಯುಂಟೆಂದು ಜರ್ಮನಿಯ ಎರ್ನ್‌ಸ್ಟ್ ಅಬ್ಬೆಯವರು 1873ರಲ್ಲಿಯೇ ತೋರಿಸಿದರು. ಒಂದು ಮಿಲಿಮೀಟರನ್ನು 5,000 ಪಾಲು ಮಾಡಿದರೆ ಒಂದು ಪಾಲು ಎಷ್ಟೋ, ಹೆಚ್ಚುಕಡಿಮೆ ಅದೇ ಆ ಎಲ್ಲೆ. ಅದಕ್ಕಿಂತ ಹತ್ತಿರದಲ್ಲಿರುವ ಎರಡು ಚುಕ್ಕೆಗಳು ಎಂಥ ಒಳ್ಳೆಯ ಗಾಜಿನಲ್ಲಿಯೂ ಕಲಸಿಹೋಗಿ ಒಂದೇ ಆಗಿ ತೋರುವುವು.

ಈ ಎಲ್ಲೆಯನ್ನು ಪಟ್ಟೆಬೆಳಕು ದಾಟಿದ ಬಗೆಯನ್ನು ತಿಳಿಯಲು ಸಿಂಧನೂರಿನ ಕಡೆಗೆ ಬನ್ನಿರಿ. ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಬತ್ತದ ಸೀಮೆಯಾಗಿರುವ ಆ ಊರಿನಲ್ಲಿ ಜರಡಿಯಿಲ್ಲದ ಮನೆಯುಂಟೆ? ನಮ್ಮ ಕಡೆ ಅದಕ್ಕೆ ಸಾಣಿಗೆಯೆನ್ನುವರು. ಸಣ್ಣ ಕಣ್ಣಿನ ಎರಡು ಸಾಣಿಗೆಗಳನ್ನು ಒಂದರ ಮೇಲೊಂದಿಟ್ಟು ಬಿಸಿಲಿಗೆ ಹಿಡಿಯಿರಿ. ಯಾವ ಸಾಣಿಗೆಯಲ್ಲಿಯೂ ಇಲ್ಲದ ಅಗಲವಾದ ಕರಿಯ ಬಿಳಿಯ ಪಟ್ಟಿಗಳು ತೋರುವುವು. ಮೇಲಿನದನ್ನು ಸ್ವಲ್ಪ ತಿರುಗಿಸಿದರೆ ಅವು ಸರಸರನೆ ಸರಿಯುವುವು. ದೂರದಿಂದ ನೋಡುವವನಿಗೆ ತಂತಿಗಳು ಕಾಣದಿದ್ದರೂ ಈ ಪಟ್ಟಿಗಳು ಕಾಣುವುವು. ಒಂದು ಸಾಣಿಗೆಯ ಹೆಣಿಗೆ ಮೊದಲೇ ಗೊತ್ತಿದ್ದರೆ, ಈ ಪಟ್ಟಿಗಳನ್ನು ಅಳೆದು ಮತ್ತೊಂದರ ಹೆಣಿಗೆಯನ್ನು ಲೆಕ್ಕಹಾಕಿ ಹೇಳಬಹುದು.

ಸೂಕ್ಷ್ಮದರ್ಶಕದಲ್ಲಿ ನಡೆಯುವುದೂ ಇಷ್ಟೇ. ಬೆಳಕಿನ ಪಟ್ಟೆಯು ನಮಗೆ ಗೊತ್ತಿರುವ ಸಾಣಿಗೆ. ಜೀವಕೋಶದ ನವುರಾದ ರಚನೆಯು ಗೊತ್ತಿಲ್ಲದ ಸಾಣಿಗೆ. ಪಟ್ಟೆಯನ್ನು ಮೂರು ದಿಕ್ಕಿಗೆ ತಿರುಗಿಸಿ, ಒಂದೊಂದು ದಿಕ್ಕಿನಲ್ಲಿಯೂ ಮೂರು ಸಲ ಸರಿಸಿ, ಒಟ್ಟು 9 ಚಿತ್ರಗಳನ್ನು ತೆಗೆದು ಗಣಿತದಿಂದ ಒಂದುಗೂಡಿಸುವರು. 2000ದಲ್ಲಿ ಮ್ಯಾಟ್ಸ್ ಗುಸ್ತಾಫ್‌ಸನ್ ಎಂಬ ವಿಜ್ಞಾನಿ ಈ ಕ್ರಮದಿಂದ ಅಬ್ಬೆಯವರ ಎಲ್ಲೆಗಿಂತ ಇಮ್ಮಡಿ ಸೂಕ್ಷ್ಮವಾದುದನ್ನು ಕಾಣಬಹುದೆಂದು ತೋರಿಸಿದರು. ಇಲ್ಲಿ ಅನುಮಾನವುಂಟು, ದಿಟ. ಆದರೆ ಅದಕ್ಕೆ ಬೇಕಾದ ಹೇತುವು ಆ ಕೋಶದಿಂದಲೇ ಬಂದ ಬೆಳಕಿನಲ್ಲಿದೆ. ಬೆಟ್ಟದ ಮೇಲಿನ ಹೊಗೆಯನ್ನು ಕಂಡು ಆ ಬೆಟ್ಟದ ಬೆಂಕಿಯನ್ನು ಅರಿತಂತೆ.

ಇದಕ್ಕೆ ತೆರಬೇಕಾದ ಬೆಲೆಯೂ ಒಂದುಂಟು. ಬೆಳಕು ಹೆಚ್ಚಾದಷ್ಟೂ ಬಣ್ಣವು ಮಾಸುವುದು, ಜೀವಂತ ಕೋಶವು ನೋಯುವುದು. ಚಿತ್ರಗಳನ್ನು ತೆಗೆಯುವಷ್ಟರಲ್ಲಿ ಒಳಗಿನದು ಅಲುಗಾಡಿಬಿಡುವುದೂ ಉಂಟು. ಯಂತ್ರಕಲಿಕೆಯು ಬಂದುದು ಈ ತೊಡಕನ್ನು ಬಿಡಿಸಲು. ಒಂದೇ ನೋಟದ ಮಂಕು ಚಿತ್ರವನ್ನೂ ಒಳ್ಳೆಯ ಚಿತ್ರವನ್ನೂ ಜೋಡಿಜೋಡಿಯಾಗಿ ಗಣಕಯಂತ್ರಕ್ಕೆ ಸಾವಿರಾರು ಸಲ ತೋರಿಸುವರು. ಪದ್ಯವನ್ನು ಬಾಯಿಪಾಠ ಮಾಡಿದ ಹುಡುಗನು ಮೊದಲ ಪಾದವನ್ನು ಕೇಳಿದೊಡನೆ ಮಿಕ್ಕುದನ್ನು ಹೇಳುವಂತೆ, ಅದು ಮಂಕಾದುದನ್ನು ಕಂಡೊಡನೆ ಒಳ್ಳೆಯದನ್ನು ಒದಗಿಸುವುದು. 2018ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ 60ರಲ್ಲಿ ಒಂದು ಪಾಲು ಬೆಳಕಿನಿಂದ ತೆಗೆದ ಚಿತ್ರಗಳನ್ನು ಹೀಗೆ ತಿದ್ದಿ ತೋರಿಸಿದರು. 2020ರಲ್ಲಿ ಪಟ್ಟೆಬೆಳಕಿಗೇ ಈ ವಿದ್ಯೆಯನ್ನು ಹೂಡಿ, ತೆಗೆಯಬೇಕಾದ ಚಿತ್ರಗಳ ಸಂಖ್ಯೆಯನ್ನು ಐದರಲ್ಲಿ ಒಂದು ಪಾಲಿಗೆ ಇಳಿಸಿದರು. ಸಾಧನೆಯು ಸಾಮಾನ್ಯವಾದುದಲ್ಲ.

ಆದರೆ ಬಾಯಿಪಾಠದ ಹುಡುಗನ ದೋಷವೂ ಯಂತ್ರಕ್ಕೆ ಬಂದಿರುವುದೆಂಬುದನ್ನು ಮರೆಯಲಾಗದು. ಪಾಠಾಂತರವಿರುವ ಪದ್ಯವನ್ನು ಮುಂದಿಟ್ಟರೆ ಆತನು ತನಗೆ ಬಂದುದನ್ನೇ ಒಪ್ಪಿಸುವನು, ಅದೂ ಗಟ್ಟಿಯಾದ ದನಿಯಲ್ಲಿ! ಎಳೆಗಳನ್ನೇ ನೋಡಿ ಕಲಿತ ಯಂತ್ರಕ್ಕೆ ಚುಕ್ಕೆಗಳ ಸಾಲನ್ನು ಕೊಟ್ಟರೆ ಅದು ಚುಕ್ಕೆಗಳನ್ನು ಸೇರಿಸಿ ಎಳೆಯನ್ನೇ ಬರೆದುಬಿಡಬಹುದು. ಅಡಿಗೆಮನೆಯಲ್ಲಿ ಹೊಗೆ ಬೆಂಕಿಗಳ ಸಾಹಚರ್ಯವನ್ನು ಕಂಡವನು ಬೆಟ್ಟದ ಮಂಜನ್ನು ಹೊಗೆಯೆಂದು ಭ್ರಮಿಸಿದಂತೆ ಇದೂ ಹೇತ್ವಾಭಾಸವೇ. ಇಂಥ ತಪ್ಪು ಚಿತ್ರವು ಸರಿಯಾದ ಚಿತ್ರದಷ್ಟೇ ಅಂದವಾಗಿರುವುದರಿಂದ ಕಣ್ಣು ಮೋಸಹೋಗುವುದು.

ಹಾಗೆಂದು ಅನುಮಾನವನ್ನೇ ತಳ್ಳಿಹಾಕಬೇಕೆ? ಕೂಡದು. ನಮ್ಮ ಜಿಲ್ಲೆಯ ಮಸ್ಕಿಯ ಬಂಡೆಯೇ ಇದಕ್ಕೆ ಸಾಕ್ಷಿ. ಜೇಮ್ಸ್ ಪ್ರಿನ್ಸೆಪ್ಪರು 1837ರಲ್ಲಿ ಬ್ರಾಹ್ಮೀ ಲಿಪಿಯನ್ನು ಓದಿದಾಗ ಶಾಸನಗಳಲ್ಲಿ ದೊರೆತುದು ದೇವಾನಾಂಪ್ರಿಯ, ಪ್ರಿಯದರ್ಶಿಯೆಂಬ ಬಿರುದುಗಳು. ಆತನೇ ಅಶೋಕನೆಂದು ವಿದ್ವಾಂಸರು ಸಿಂಹಳದ ಪಾಲಿ ಗ್ರಂಥಗಳ ಬಲದಿಂದ ಊಹಿಸಿದರು. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಇಂಜಿನಿಯರು ಮಸ್ಕಿಯ ಶಾಸನವನ್ನು ಕಂಡುಹಿಡಿದರು; ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಅದರಲ್ಲಿ ಅಶೋಕನ ಹೆಸರೇ ಕೊರೆದಿತ್ತು. 78 ವರ್ಷಗಳ ಅನುಮಾನಕ್ಕೆ ಕಲ್ಲಿನ ಪ್ರಮಾಣ ಸಿಕ್ಕಿತು. ಶಾಸನವನ್ನು ಓದುವವರದು ಇನ್ನೊಂದು ಒಳ್ಳೆಯ ಸಂಪ್ರದಾಯ: ಸವೆದ ಅಕ್ಷರವನ್ನು ತಾವು ಊಹಿಸಿ ತುಂಬಿದ್ದರೆ ಅದನ್ನು ಕಂಸದೊಳಗೆ ಅಚ್ಚುಹಾಕುವರು. ಕಲ್ಲಿನಲ್ಲಿರುವುದಾವುದು, ಪಂಡಿತರದಾವುದು ಎಂಬುದು ಓದುವವನಿಗೆ ಒಡನೆಯೇ ತಿಳಿಯುವುದು.

ಯಂತ್ರದ ಚಿತ್ರಕ್ಕೂ ಇಂಥ ಕಂಸ ಬೇಕು. ಮೇಲೆ ಹೇಳಿದ 2018ರ ಸಂಶೋಧಕರು ಅದಕ್ಕೊಂದು ದಾರಿಯನ್ನೂ ಹಾಕಿಕೊಟ್ಟಿರುವರು: ಒಂದೇ ಪಾಠವನ್ನು ಹಲವು ಯಂತ್ರಜಾಲಗಳಿಗೆ ಬೇರೆ ಬೇರೆಯಾಗಿ ಕಲಿಸಿ, ಅವು ಯಾವ ಸ್ಥಳದಲ್ಲಿ ಒಂದಕ್ಕೊಂದು ಒಪ್ಪುವುದಿಲ್ಲವೋ ಅಲ್ಲಿ ಸಂಶಯದ ಗುರುತು ಹಾಕುವುದು. ಆದರೂ ಎಲ್ಲವೂ ಕೂಡಿ ಒಂದೇ ತಪ್ಪನ್ನು ಮಾಡಬಹುದಾದುದರಿಂದ, ನಡುನಡುವೆ ಪೂರ್ತಿ ಬೆಳಕಿನ 9 ಚಿತ್ರಗಳನ್ನು ತೆಗೆದು ತಾಳೆನೋಡುವುದೇ ಲೇಸು. ನಮ್ಮ ವಾಚಕರಿಗೆ ನಾವು ಕೊಡುವ ಉತ್ತರವಿದು: ಪಟ್ಟೆಬೆಳಕು ತಂದುಕೊಡುವುದು ವಸ್ತುವಿನ ಸಾಕ್ಷ್ಯ, ಯಂತ್ರವು ಸೇರಿಸುವುದು ಪೂರ್ವಾನುಭವದ ಊಹೆ, ಎರಡೂ ಒಂದೇ ಚಿತ್ರದಲ್ಲಿ ಬೆರೆತಿರುವಾಗ ಮೂಲಚಿತ್ರಗಳನ್ನು ಉಳಿಸಿಕೊಳ್ಳದೆ ಎಸೆಯುವವರನ್ನು ನಂಬತಕ್ಕದ್ದಲ್ಲ.

ಇದು ಪಂಡಿತರ ಹರಟೆಯೆಂದು ಯಾರೂ ಭಾವಿಸದಿರಲಿ. ಲಿಂಗಸುಗೂರು ತಾಲ್ಲೂಕಿನಲ್ಲಿಯೇ ಹಟ್ಟಿಯ ಚಿನ್ನದ ಗಣಿಯುಂಟು. ಕಲ್ಲಿನ ಸಿಲಿಕಾ ಧೂಳನ್ನು ಬಹುಕಾಲ ಉಸಿರಾಡಿದವರಿಗೆ ಕ್ಷಯರೋಗದ ಭಯವು ಹೆಚ್ಚೆಂಬುದು ವೈದ್ಯರೆಲ್ಲರೂ ಬಲ್ಲ ಮಾತು. ಕಫದಲ್ಲಿ ಕ್ಷಯದ ಕ್ರಿಮಿಯನ್ನು ಹುಡುಕಲು ಆರಮೀನ್ ಎಂಬ ಹಳದಿ ಬಣ್ಣವನ್ನು ಹಾಕಿ ಪ್ರತಿದೀಪ್ತಿ ಸೂಕ್ಷ್ಮದರ್ಶಕದಲ್ಲಿ ನೋಡುವರು. ಎಲ್‌ಇಡಿ ದೀಪದ ಸರಳ ಉಪಕರಣವನ್ನು ವಿಶ್ವ ಆರೋಗ್ಯ ಸಂಸ್ಥೆಯು 2011ರಲ್ಲಿಯೇ ಶಿಫಾರಸು ಮಾಡಿತು. ಇದಕ್ಕೆ ಪಟ್ಟೆಬೆಳಕಿನ ದುಬಾರಿ ಯಂತ್ರವೇನೂ ಬೇಡ. ಆದರೆ ಹೊಳೆಯುವ ಕಡ್ಡಿಗಳನ್ನು ಎಣಿಸುವ ಕೆಲಸವನ್ನು ಕಲಿತ ಗಣಕಯಂತ್ರಕ್ಕೆ ಒಪ್ಪಿಸುವ ಪ್ರಯತ್ನಗಳು ನಡೆದೇ ಇವೆ. ಅದು ಇಲ್ಲದ ಕ್ರಿಮಿಯನ್ನು ಕಂಡರೆ ನಿರೋಗಿಯೊಬ್ಬನು ಆರು ತಿಂಗಳು ಔಷಧಿ ನುಂಗಬೇಕಾದೀತು. ಇರುವ ಕ್ರಿಮಿಯನ್ನು ಬಿಟ್ಟರೆ ರೋಗಿಯು ಮನೆಗೆ ಮರಳಿ ಮಕ್ಕಳನ್ನು ಮಗ್ಗುಲಲ್ಲಿ ಮಲಗಿಸಿಕೊಂಡಾನು. ಅಂಥ ಆಸ್ಪತ್ರೆಯಲ್ಲಿ ಯಂತ್ರವು ಸಂಶಯದ ಗುರುತು ಹಾಕಿದ ಗಾಜಿನ ಪಟ್ಟಿಯನ್ನು ಮತ್ತೊಮ್ಮೆ ನೋಡಲು ಅನುಭವಿಯಾದ ಲ್ಯಾಬ್ ಟೆಕ್ನೀಷಿಯನ್ ಒಬ್ಬರು ಇರಲೇಬೇಕು. ಯಂತ್ರವು ನಿಶ್ಶಂಕೆಯಿಂದ ಹೇಳಿದವುಗಳಲ್ಲಿಯೂ ಕೆಲವನ್ನು ಅವರು ಆಗಾಗ ತೆಗೆದು ನೋಡುತ್ತಿರಬೇಕು.