ಲಿನಕ್ಸ್ ಇದೆಯೆಂದು ನಿಶ್ಚಿಂತರಾಗಬೇಡಿ, ಆವೃತ್ತಿ ನೋಡಿಕೊಳ್ಳಿ

ಬೆಳಗಾವಿ ಮತ್ತು ಖಾನಾಪುರದ ಡಿಟಿಪಿ ಅಂಗಡಿಯವರೇ, ಸಹಕಾರಿ ಸಂಘಗಳ ಕಾರ್ಯದರ್ಶಿಗಳೇ, ಲೆಕ್ಕಪತ್ರ ನೋಡುವವರೇ, ಉದ್ಯಮಬಾಗದ ವರ್ಕ್‌ಶಾಪ್ ಮಾಲೀಕರೇ,

ಲೈಸೆನ್ಸ್ ಖರ್ಚೂ ವೈರಸ್ ಕಾಟವೂ ಬೇಡವೆಂದು ನಿಮ್ಮಲ್ಲಿ ಕೆಲವರು ಹಿಂದೆಯೇ ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿಸಿಕೊಂಡಿರಿ. ಒಳ್ಳೆಯ ನಿರ್ಧಾರ. ಆದರೆ ಹಾಕಿಸಿದ ಮೇಲೆ ಬಹಳ ಕಡೆ ಅದನ್ನು ಯಾರೂ ತಿರುಗಿ ನೋಡಿಲ್ಲ. ಕೇಳಿದರೆ, ‘ನಡೀತೈತಲ್ಲರೀ, ಯಾಕ ಕೈ ಹಚ್ಚೂದು?’ ಎಂಬ ಉತ್ತರ. ಆ ಉತ್ತರವನ್ನು ಬದಲಿಸಿಕೊಳ್ಳಿ ಎಂದು ಕೇಳಲು ಈ ಮನವಿ.

ಉಬುಂಟುವಿನ ದೀರ್ಘಾವಧಿ ಆವೃತ್ತಿಗೆ ಉಚಿತ ಭದ್ರತಾ ಅಪ್‌ಡೇಟ್ ಸಿಗುವುದು ಸಾಮಾನ್ಯವಾಗಿ 5 ವರ್ಷ. 20.04ರ ಅವಧಿ 2025ರ ಮೇ ತಿಂಗಳಲ್ಲೇ ಮುಗಿದಿದೆ. ಲಿನಕ್ಸ್ ಮಿಂಟ್ 20ರದ್ದು ಅದೇ ವರ್ಷದ ಏಪ್ರಿಲ್‌ನಲ್ಲಿ. ಅವಧಿ ಮುಗಿದ ದಿನ ಕಂಪ್ಯೂಟರ್ ನಿಲ್ಲುವುದಿಲ್ಲ, ಅದಕ್ಕೇ ನಮಗೆ ಗೊತ್ತಾಗುವುದಿಲ್ಲ. ಅಕ್ಷರ ಮೂಡುತ್ತದೆ, ಪ್ರಿಂಟ್ ಬರುತ್ತದೆ. ಆದರೆ ಹೊಸದಾಗಿ ಪತ್ತೆಯಾದ ಭದ್ರತಾ ದೋಷಗಳು ಮಾತ್ರ ಮುಚ್ಚದೆ ಉಳಿಯುತ್ತವೆ. ಅದೇ ಕಂಪ್ಯೂಟರಿನಲ್ಲಿ ಸದಸ್ಯರ ಆಧಾರ್ ಪ್ರತಿಗಳಿವೆ, ಜಿಎಸ್‌ಟಿ ಪಾಸ್‌ವರ್ಡ್ ಇದೆ, ಠೇವಣಿದಾರರ ಲೆಕ್ಕವಿದೆ. ಅವು ನಿಮ್ಮೊಬ್ಬರ ಸೊತ್ತಲ್ಲ. ಜನ ನಂಬಿ ನಿಮ್ಮ ಕೈಗೆ ಕೊಟ್ಟವು.

ಅಪ್‌ಗ್ರೇಡ್‌ಗೆ ಹೆದರುವುದಕ್ಕೂ ಕಾರಣಗಳಿವೆ. ಅವಸರ ಮಾಡಿದರೆ ಕೆಲಸ ಕೆಡುತ್ತದೆ, ಆದ್ದರಿಂದ ಕ್ರಮವಾಗಿ ಮಾಡೋಣ.

ಮೊದಲು ಸೆಟ್ಟಿಂಗ್ಸ್ ತೆರೆದು, ‘ಅಬೌಟ್’ನಲ್ಲಿ ಆವೃತ್ತಿಯ ಸಂಖ್ಯೆ ನೋಡಿ ಬರೆದಿಟ್ಟುಕೊಳ್ಳಿ. 20.04ರಿಂದ 24.04ಕ್ಕೆ ನೇರ ಜಿಗಿತವಿಲ್ಲ, ನಡುವೆ 22.04ಕ್ಕೆ ಹೋಗಲೇಬೇಕು. ಕಡತಗಳನ್ನೆಲ್ಲ ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು ಮಾಡಿ, ಅಲ್ಲಿಂದ ಒಂದೆರಡು ಕಡತ ತೆರೆದೂ ನೋಡಿ. ಮಿಂಟ್ ಬಳಸುವವರು ಟೈಮ್‌ಶಿಫ್ಟ್ ಇದೆಯೆಂದು ಸುಮ್ಮನಿರಬೇಡಿ. ಅದು ಕಾಯುವುದು ವ್ಯವಸ್ಥೆಯ ಕಡತಗಳನ್ನು. ನಾವು ಹೇಳದ ಹೊರತು ಹೋಮ್ ಫೋಲ್ಡರಿನ ನಮ್ಮ ಕೆಲಸವನ್ನು ಅದು ಉಳಿಸುವುದಿಲ್ಲ.

ಎಲ್ಲ ಕಂಪ್ಯೂಟರ್‌ಗಳಿಗೂ ಒಮ್ಮೆಲೇ ಕೈ ಹಾಕಬೇಡಿ. ಒಂದನ್ನು ಮಾಡಿ, ಅದರಲ್ಲೇ ಒಂದು ವಾರ ನಿತ್ಯದ ಕೆಲಸ ಮಾಡಿ ನೋಡಿ. ಅನೇಕ ಕಚೇರಿಗಳಲ್ಲಿರುವ ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರಿನ ಡ್ರೈವರ್ ಉಬುಂಟು ಜೊತೆ ಬರುವುದಿಲ್ಲ, ಅಪ್‌ಗ್ರೇಡ್ ಆದ ಮೇಲೆ ಮತ್ತೆ ಹಾಕಬೇಕಾಗಬಹುದು. ಡಿಜಿಟಲ್ ಸಹಿಯ ಟೋಕನ್ ಬ್ರೌಸರಿನಲ್ಲಿ ಕಾಣುತ್ತದೆಯೇ ಪರೀಕ್ಷಿಸಿ. ನಮ್ಮಲ್ಲಿ ಒಂದೇ ಲಗ್ನಪತ್ರಿಕೆಯಲ್ಲಿ ಕನ್ನಡವೂ ಇರುತ್ತದೆ, ಮರಾಠಿಯೂ ಇರುತ್ತದೆ. ಲಿನಕ್ಸಿನ ಟೈಪಿಂಗ್ ಸಾಧನವಾದ ಐಬಸ್‌ನಲ್ಲಿ ಎರಡರ ಕೀಲಿಮಣೆಯ ಮೇಲೂ ಬೆರಳಾಡಿಸಿ ನೋಡಿ. ನುಡಿ ವಿನ್ಯಾಸದಲ್ಲಿ ಪಳಗಿದವರಿಗೆ ಅಲ್ಲಿ ಕೆಜಿಪಿ ವಿನ್ಯಾಸವಿದೆ. ಹಳೆಯ ಯೂನಿಕೋಡ್ ಅಲ್ಲದ ಕಡತಗಳನ್ನು ಯೂನಿಕೋಡ್‌ಗೆ ಬದಲಿಸಲು ಇದೇ ಸಮಯ.

ಖಾನಾಪುರದವರಿಗೆ ಒಂದು ವಿಶೇಷ ಕೋರಿಕೆ. ಮಳೆಗಾಲದಲ್ಲಿ ಈ ಕೆಲಸ ಬೇಡ. ಕಣಕುಂಬಿ ಕಡೆಯ ಮಳೆ, ಕಾಡಿನ ನಡುವಿನ ತಂತಿ. ಕರೆಂಟ್ ಯಾವಾಗ ಹೋದೀತೋ ಹೇಳಲಾಗದು. ಪ್ಯಾಕೇಜುಗಳು ಬದಲಾಗುತ್ತಿರುವಾಗ ಕರೆಂಟ್ ಹೋದರೆ ಕಂಪ್ಯೂಟರ್ ಮತ್ತೆ ಏಳದೇ ಇರಬಹುದು. ಬೇಸಿಗೆಯ ಒಂದು ರಜೆಯ ದಿನ, ಯುಪಿಎಸ್ ಬ್ಯಾಟರಿ ಗಟ್ಟಿಯಿದೆಯೆಂದು ಖಾತ್ರಿ ಮಾಡಿಕೊಂಡು ಕುಳಿತುಕೊಳ್ಳಿ. ಅಲ್ಲಿಯವರೆಗೆ ಕಾಯಲೇಬೇಕಾದರೆ, ಉಬುಂಟು ಬಳಸುವವರು ಉಬುಂಟು ಪ್ರೊಗೆ ನೋಂದಾಯಿಸಿ. 5 ಕಂಪ್ಯೂಟರ್‌ಗಳವರೆಗೆ ಅದು ಉಚಿತ, ಹಳೆಯ ಆವೃತ್ತಿಗೂ ಭದ್ರತಾ ಅಪ್‌ಡೇಟ್ ಬರುತ್ತಿರುತ್ತದೆ.

ಅಪ್‌ಗ್ರೇಡ್ ದೊಡ್ಡ ಊರಿನವರಿಗಷ್ಟೇ ಆಗುವ ಕೆಲಸವಲ್ಲ. ಕೇರಳದ ಸರ್ಕಾರಿ ಶಾಲೆಗಳಿಗೆ ಅಲ್ಲಿನ ಕೈಟ್ ಸಂಸ್ಥೆ ಉಬುಂಟು ಆಧಾರಿತ ವ್ಯವಸ್ಥೆಯನ್ನು ಕೊಟ್ಟು, 18.04ರ ಬಳಿಕ 22.04 ಆಧಾರದ ಆವೃತ್ತಿಯನ್ನೂ ತಂದಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಲಿಯುವುದೂ ಇದೇ ಏರ್ಪಾಡಿನಲ್ಲಿ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರವೇ ನಮ್ಮ ಊರಿನಲ್ಲಿದೆ. ಇಲ್ಲಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳೇ, ತಿಂಗಳಿಗೆ ಒಂದು ಭಾನುವಾರ ಒಂದು ಸಹಕಾರಿ ಸಂಘಕ್ಕೋ ಅಂಗಡಿಗೋ ಕೊಡಿ. ಬೆಳಗಾವಿಯಿಂದ ಖಾನಾಪುರ ದೂರವೇನಲ್ಲ. ಮಾಲೀಕರೇ, ಹಾಗೆ ಬಂದ ಹುಡುಗ ಹುಡುಗಿಯರಿಗೆ ಚಹಾದ ಜೊತೆ ಕೆಲಸಕ್ಕೆ ತಕ್ಕ ಕೂಲಿಯನ್ನೂ ಕೊಡಿ. ಇವತ್ತು ಅಂಗಡಿ ಮುಚ್ಚುವ ಮೊದಲು ನಿಮ್ಮ ಕಂಪ್ಯೂಟರಿನ ಆವೃತ್ತಿ ಯಾವುದೆಂದು ಒಮ್ಮೆ ನೋಡಿ, ದಯವಿಟ್ಟು.