ಕಿಟೆಲ್‌ಗೆ ಚಪ್ಪಾಳೆ, ಮಲಯಾಳಕ್ಕೆ ಕೈಸನ್ನೆ

ಕಳೆದ ನವೆಂಬರಿನಲ್ಲಿ ಇಲ್ಲಿ ಕೊಚ್ಚಿಯಲ್ಲಿ ನಾವು ಹತ್ತಿಪ್ಪತ್ತು ಕನ್ನಡ ಕುಟುಂಬದವರು ಸೇರಿ ರಾಜ್ಯೋತ್ಸವ ಮಾಡಿದೆವು. ಬಾಡಿಗೆ ಹಾಲ್, ಪ್ಲಾಸ್ಟಿಕ್ ಕುರ್ಚಿ, ಬಿಸಿಬೇಳೆಬಾತು, ಮಕ್ಕಳ ಡ್ಯಾನ್ಸು... ಎಲ್ಲಾ ಕಡೆ ಇರುವ ಹಾಗೇ. ಭಾಷಣಕ್ಕೆ ನಿಂತ ಹಿರಿಯರೊಬ್ಬರು (ಒಳ್ಳೆಯ ಮನುಷ್ಯರು, ಹೆಸರು ಬೇಡ) ಬೆಂಗಳೂರಿನ ವಲಸಿಗರನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡರು. "ಹತ್ತು ವರ್ಷ ಇದ್ದರೂ ಕನ್ನಡ್ ಗೊತ್ತಿಲ್ಲ ಅಂತಾರಲ್ಲ, ನಾಚಿಕೆ ಆಗಬೇಡವೇ ಇವರಿಗೆ? ಎಲ್ಲೋ ಜರ್ಮನಿಯಿಂದ ಬಂದ ಕಿಟೆಲ್ ಕನ್ನಡ ಕಲಿತು ನಿಘಂಟನ್ನೇ ಬರೆದ!" ಚಪ್ಪಾಳೆಯೋ ಚಪ್ಪಾಳೆ. ನಾನೂ ತಟ್ಟಿದೆ.

ವೇದಿಕೆ ಇಳಿದವರೇ ಹಾಲ್ ನೋಡಿಕೊಳ್ಳುವವನನ್ನು ಕರೆದು, "ಭಯ್ಯಾ, ಪಂಖಾ ಥೋಡಾ ತೇಜ್ ಕರೋ" ಅಂದರು. ಅವನು ವೈಪಿನ್ ಕಡೆಯವನು, ಹಿಂದಿ ಬಾರದು. ಸುಮ್ಮನೆ ನಿಂತ. ಇವರು ಕೈಸನ್ನೆ ಮಾಡಿ ಫ್ಯಾನು ತೋರಿಸಿದರು. ಕೊಚ್ಚಿಗೆ ಬಂದು ಇವರಿಗೆ ಇಪ್ಪತ್ತೆಂಟು ವರ್ಷ!

ನಗು ಬಂತು. ಬಂದಷ್ಟೇ ಬೇಗ ಹೋಯಿತು. ಯಾಕೆಂದರೆ ನನ್ನ ಲೆಕ್ಕ ಇನ್ನೂ ಕೆಟ್ಟದಾಗಿದೆ. ತಿರುವನಂತಪುರದಲ್ಲಿ ಹನ್ನೊಂದು, ಕೊಚ್ಚಿಯಲ್ಲಿ ಇಪ್ಪತ್ತು, ಒಟ್ಟು ಮೂವತ್ತೊಂದು ವರ್ಷ. ತಿರುವನಂತಪುರಕ್ಕೆ ಬಂದ ಮೊದಲ ವಾರ ಆಫೀಸಿನ ಪ್ಯೂನ್ "ಮಲಯಾಳಂ ಸಂಸಾರಿಕ್ಕುಮೋ?" ಅಂತ ಕೇಳಿದ್ದ. ಸಂಸಾರದ ವಿಷಯ ಕೇಳ್ತಿದ್ದಾನೆ ಅಂದುಕೊಂಡು "ಇಲ್ಲ, ಮದುವೆ ಮುಂದಿನ ವರ್ಷ" ಅಂದಿದ್ದೆ. ಸಂಸಾರಿಕ್ಕುಕ ಅಂದರೆ ಮಾತಾಡುವುದು. ಈ ಜೋಕನ್ನು ಮೂವತ್ತು ವರ್ಷದಿಂದ ಊರಿಗೆ ಹೋದಾಗಲೆಲ್ಲ ಹೇಳಿ ನಗಿಸುತ್ತಿದ್ದೇನೆ. ಜೋಕು ಹಳೆಯದಾಯಿತು, ನನ್ನ ಮಲಯಾಳಂ ಮಾತ್ರ ಅಲ್ಲಿಂದ ಹೆಚ್ಚು ಮುಂದೆ ಹೋಗಿಲ್ಲ. "ಕುರಚ್ಚು ಕುರಚ್ಚು ಅರಿಯಾಂ." ಸ್ವಲ್ಪ ಸ್ವಲ್ಪ ಗೊತ್ತು. ಅಷ್ಟೇ.

ಇರಲಿ, ಕಿಟೆಲ್ ವಿಷಯಕ್ಕೆ ಬರ್ತೀನಿ. ಬೆಂಗಳೂರಿನ ಮೇಯೋ ಹಾಲ್ ಹತ್ತಿರ ಅವನ ಪ್ರತಿಮೆ ಇದೆ, ನಮಗೆಲ್ಲ ಹೆಮ್ಮೆ. 1894ರ ನಿಘಂಟಿನ ತೂಕದ ಬಗ್ಗೆಯೂ ಹೆಮ್ಮೆ. ಆದರೆ ಅದೇ ಬಾಸೆಲ್ ಮಿಶನ್ನಿನ ಇನ್ನೊಬ್ಬ ಜರ್ಮನ್, ಹೆರ್ಮನ್ ಗುಂಡರ್ಟ್, ನಾವು ಈಗ ಅನ್ನ ತಿನ್ನುತ್ತಿರುವ ಈ ನೆಲದ ಭಾಷೆಗೆ ಅದನ್ನೇ ಮಾಡಿದ. ಅವನ ಹೆಸರನ್ನು ನಮ್ಮ ಯಾವ ರಾಜ್ಯೋತ್ಸವದಲ್ಲೂ ನಾನು ಕೇಳಿಲ್ಲ.

ಗುಂಡರ್ಟ್ 1836ರಲ್ಲಿ ಮದರಾಸಿಗೆ ಬಂದ. ತಮಿಳು ಕಲಿತ. 1838ರಲ್ಲಿ ಜೂಲಿ ದ್ಯುಬ್ವಾಳನ್ನು ಮದುವೆಯಾಗಿ ಮಂಗಳೂರಿಗೆ ಬಂದ, ಮಾರನೆಯ ವರ್ಷ ತಲಶ್ಶೇರಿಯ ಇಲ್ಲಿಕ್ಕುನ್ನಿನ ಬಂಗಲೆಗೆ. ಆ ಮನೆಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಗಂಡನ ಭಾಷೆ ಜರ್ಮನ್. ಹೆಂಡತಿ ಸ್ವಿಟ್ಜರ್ಲೆಂಡಿನ ಫ್ರೆಂಚ್ ಮಾತಾಡುವ ಕಡೆಯವಳು. ಸರಕಾರದವರ ಭಾಷೆ ಇಂಗ್ಲಿಷ್. ಬಾಗಿಲಾಚೆ ಮಲಯಾಳಂ. ನಮ್ಮ ಹಾಗೆ "ಇಂಗ್ಲಿಷಿನಲ್ಲಿ ನಡೆದುಹೋಗುತ್ತೆ ಬಿಡಿ" ಅಂತ ಅವರೂ ಕೂರಬಹುದಿತ್ತಲ್ಲವೇ? ಕೂರಲಿಲ್ಲ. ಜೂಲಿ ಹೆಣ್ಣುಮಕ್ಕಳ ಶಾಲೆ ನಡೆಸಿದಳು. ಹೆಣ್ಣುಮಕ್ಕಳಿಗೆ ಕಲಿಸುವುದು, ಅವರ ಜ್ವರ, ಜಗಳ, ಊಟ ನೋಡಿಕೊಳ್ಳುವುದು ದುಭಾಷಿ ಇಟ್ಟುಕೊಂಡು ಆಗುವ ಕೆಲಸವಲ್ಲ. ಪ್ರತಿಮೆ ಗಂಡನಿಗೆ ಸಿಕ್ಕಿದೆ, ತಲಶ್ಶೇರಿಯಲ್ಲಿದೆ. ನನಗೇನೋ ಆ ಮನೆಯಲ್ಲಿ ದಿನಾ ಬೆಳಿಗ್ಗೆಯಿಂದ ರಾತ್ರಿವರೆಗೆ ಪರಭಾಷೆಯಲ್ಲಿ ತಪ್ಪು ಮಾಡುತ್ತಾ, ತಿದ್ದಿಕೊಳ್ಳುತ್ತಾ ಬದುಕಿದವಳು ಜೂಲಿಯೇ ಅನ್ನಿಸುತ್ತದೆ.

ಗುಂಡರ್ಟ್ 1847ರಲ್ಲಿ ರಾಜ್ಯಸಮಾಚಾರಂ ಪತ್ರಿಕೆ ಶುರುಮಾಡಿದ. ಆರೋಗ್ಯ ಕೆಟ್ಟು 1859ರಲ್ಲಿ ವಾಪಸ್ ಹೋದ. ಅಂದರೆ ಮಲಬಾರಿನಲ್ಲಿ ಅವನು ಇದ್ದದ್ದು ಸುಮಾರು ಇಪ್ಪತ್ತು ವರ್ಷ, ನಮ್ಮ ಭಾಷಣಕಾರರಿಗಿಂತ ಎಂಟು ಕಮ್ಮಿ! ಊರಿಗೆ ಹೋದ ಮೇಲೂ ಕೂತು ಮುಗಿಸಿದ ಅವನ ಮಲಯಾಳಂ ನಿಘಂಟು 1872ರಲ್ಲಿ ಅಚ್ಚಾಯಿತು. ಎಲ್ಲಿ ಗೊತ್ತೇ? ನಮ್ಮ ಮಂಗಳೂರಿನಲ್ಲಿ. ಅದರಲ್ಲಿ ಮಲಯಾಳಂ ಪದದ ಪಕ್ಕ ಕನ್ನಡದ್ದು, ತುಳುವಿನದ್ದು ನೆಂಟತನ ಗುರುತು ಹಾಕಿದ್ದಾನೆ.

ಅವರನ್ನು ದೇವರು ಮಾಡಲು ಹೊರಟಿಲ್ಲ. ಬಂದದ್ದು ಮತಪ್ರಚಾರಕ್ಕೆ, ನಮ್ಮ ದೇವರುಗಳನ್ನು ಅವರು ಹೇಗೆ ನೋಡಿದರು ಎನ್ನುವುದರ ಬಗ್ಗೆ ನನಗೆ ತಕರಾರಿದೆ. ಮಕ್ಕಳ ವಿಷಯದಲ್ಲಂತೂ ಅವರ ಬದುಕು ಕ್ರೂರವಾಗಿತ್ತು. ಮಗಳು ಮೇರಿ 1842ರಲ್ಲಿ ತಲಶ್ಶೇರಿಯಲ್ಲೇ ಹುಟ್ಟಿದ್ದು. ಪುಟ್ಟ ಮಗುವಾಗಿದ್ದಾಗಲೇ ಯುರೋಪಿನಲ್ಲಿ ಬಿಟ್ಟು ಬಂದರು. ಅವಳು ಅಪ್ಪ ಅಮ್ಮನ ಹತ್ತಿರ ವಾಪಸ್ ಬಂದಿದ್ದು 1857ರಲ್ಲಿ, ಹದಿನೈದರ ಹುಡುಗಿಯಾಗಿ. (ಮುಂದೆ ಇವಳ ಮಗನೇ 'ಸಿದ್ಧಾರ್ಥ' ಬರೆದ ಹೆರ್ಮನ್ ಹೆಸ್ಸೆ.) ಹಾಗೆ ಬದುಕಿ ಅಂತ ಯಾರಿಗೂ ಹೇಳಲಾರೆ. ನಮ್ಮನ್ನು ಯಾರೂ ಅಷ್ಟು ಕೇಳುತ್ತಲೂ ಇಲ್ಲ. ಬಸ್ಸಿನ ಬೋರ್ಡು ಓದಿ, ಪಕ್ಕದ ಮನೆಯವರ ಜೊತೆ ಎರಡು ಮಾತಾಡಿ, ಅಷ್ಟೇ.

"ಅವರಿಗೆ ಮತಾಂತರ ಮಾಡಬೇಕಿತ್ತು, ಅದಕ್ಕೆ ಕಲಿತರು. ನಮಗೇನು ದರ್ದು?" ಅಂತಾರೆ. ಅಲ್ಲ ಸ್ವಾಮಿ, ಇಲ್ಲಿ ದುಡಿಯುವುದು, ಮನೆ ಕಟ್ಟುವುದು, ಮಕ್ಕಳನ್ನು ಓದಿಸುವುದು, ಆಸ್ಪತ್ರೆಯಲ್ಲಿ ಮಲಗುವುದು ಇದೆಲ್ಲ ದರ್ದು ಅಲ್ಲವೇ? ಬೆಂಗಳೂರಿಗೆ ಬಂದವನೂ ನಿಮ್ಮ ಹತ್ತಿರ ಇದನ್ನೇ ಹೇಳುವುದು. ಇನ್ನು ಕೆಲವರು ಕಾಸರಗೋಡನ್ನು ಎಳೆದು ತರುತ್ತಾರೆ. ಅದು ಬೇರೆ. ಕಾಸರಗೋಡಿನ ಕನ್ನಡಿಗ ಎಲ್ಲಿಂದಲೋ ಬಂದವನಲ್ಲ, 1956ರಲ್ಲಿ ಗಡಿ ಬಂದು ಅವನ ಅಂಗಳ ದಾಟಿತು. ಅವನ ಶಾಲೆ, ಅವನ ಕಚೇರಿಯಲ್ಲಿ ಕನ್ನಡ ಕೇಳುವುದು ಹಕ್ಕು. ಆ ಹಕ್ಕನ್ನು ಕಡವಂತ್ರದ ಫ್ಲ್ಯಾಟಿನಲ್ಲಿ ಕೂತ ನಾವು ನಮ್ಮ ಸೋಮಾರಿತನಕ್ಕೆ ಹೊದಿಕೆ ಮಾಡಿಕೊಳ್ಳಬಾರದು.

ಇಲ್ಲೇ ಹತ್ತಿರ ಪೆರುಂಬಾವೂರಿದೆ. ಪ್ಲೈವುಡ್ ಕಾರ್ಖಾನೆಗಳ ಊರು. ಬಂಗಾಳ, ಒಡಿಶಾ, ಅಸ್ಸಾಮಿನ ಕೂಲಿಕಾರರಿಗೆ ಮಲಯಾಳಂ ಕಲಿಸಲು ರಾಜ್ಯದ ಸಾಕ್ಷರತಾ ಮಿಶನ್ 2017ರಲ್ಲಿ 'ಚಂಙಾತಿ' ಅಂತ ಯೋಜನೆ ಶುರುಮಾಡಿದ್ದು ಅಲ್ಲೇ. ಚಂಙಾತಿ ಎಂದರೆ ಗೆಳೆಯ. ದಿನವಿಡೀ ಮರ ಹೊತ್ತವರು ಆಮೇಲೆ ಕೂತು ಅಕ್ಷರ ತಿದ್ದಿದರು. ನಮ್ಮ ಹತ್ತಿರ ಡಿಗ್ರಿ ಇದೆ, ಎಸಿ ಇದೆ, ಪುರುಸೊತ್ತಿಲ್ಲ!

ಇಷ್ಟೆಲ್ಲ ಬೈಯುವುದಕ್ಕೆ ಕಾರಣ ಹೇಳದೆ ಹೋದರೆ ನಾನು ಕಳ್ಳನಾಗುತ್ತೇನೆ.

ಅಪ್ಪ ಹೋದ ಮೇಲೆ, 2008ರಲ್ಲಿ, ಅಮ್ಮನನ್ನು ತೀರ್ಥಹಳ್ಳಿ ಕಡೆಯಿಂದ ಇಲ್ಲಿಗೆ ಕರೆದುಕೊಂಡು ಬಂದೆ. ಊರಿನ ಮನೆ ಮಾರಿದೆ. ಅಮ್ಮ ಓದಿದ್ದು ನಾಲ್ಕನೇ ಕ್ಲಾಸು. ಪಕ್ಕದ ಮನೆಯ ಚೇಚ್ಚಿ ದಿನಾ ಮಧ್ಯಾಹ್ನ ಬಂದು ಕೂರುತ್ತಿದ್ದರು. ಮೊದಲು ನುಗ್ಗೆಕಾಯಿ, ಹಲಸಿನಕಾಯಿ ತೋರಿಸಿಕೊಂಡು ಮಾತು. ಆರು ತಿಂಗಳಲ್ಲಿ ಅಮ್ಮ ಮಲಯಾಳಂ ಮಾತಾಡುತ್ತಿದ್ದಳು, ಅರ್ಧ ಕನ್ನಡ ಸೇರಿಸಿ, ಯಾವ ಸಂಕೋಚವೂ ಇಲ್ಲದೆ. ನಾನು "ಅಮ್ಮ ಕಿಟೆಲ್ ಆಗಿಬಿಟ್ಟಳು" ಅಂತ ತಮಾಷೆ ಮಾಡುತ್ತಿದ್ದೆ.

2014ರಲ್ಲಿ ಅಮ್ಮ ತೀರಿಕೊಂಡಳು. ಕೆಲಸವೆಲ್ಲ ಮುಗಿದ ಮೇಲೆ ಚೇಚ್ಚಿ ಬಂದು ನನ್ನೆದುರು ಕೂತು ತುಂಬ ಹೊತ್ತು ಏನೋ ಹೇಳಿದರು, ಕಣ್ಣು ಒರೆಸಿಕೊಳ್ಳುತ್ತಾ. ನನಗೆ ಅರ್ಧ ತಿಳಿಯಿತು, ಅರ್ಧ ಇಲ್ಲ. "ಶರಿ, ಶರಿ" ಅಂತ ತಲೆ ಆಡಿಸಿದೆ. ಅವರು ಹೋದ ಮೇಲೆ ಮಗಳು, ಇಲ್ಲೇ ಓದಿದವಳು, ಹೇಳಿದಳು: "ಅಪ್ಪಾ, ಅಜ್ಜಿಗೆ ಒಂದು ಸಲ ಊರಿನ ಮನೆ ನೋಡಬೇಕು ಅಂತ ಇತ್ತಂತೆ. ಎರಡು ವರ್ಷದಿಂದ ಚೇಚ್ಚಿ ಹತ್ತಿರ ಹೇಳ್ತಾ ಇದ್ದರಂತೆ. ಅವನಿಗೆ ಹೇಳಬೇಡ, ಮನೆ ಮಾರಿದ್ದಕ್ಕೆ ಸಂಕಟಪಡ್ತಾನೆ ಅಂದಿದ್ದರಂತೆ. ನೀನು ಅದಕ್ಕೆ ಶರಿ ಅಂದೆ."

ಮೂರು ಗೋಡೆ ಆಚೆ ಆ ಮಾತು ನಡೆದಿತ್ತು. ಎಷ್ಟೋ ಭಾನುವಾರ ನಾನು ಅಲ್ಲೇ ಪೇಪರ್ ಓದುತ್ತಾ ಕೂತಿದ್ದೆ, ಕಿವಿಗೆ ಬಿದ್ದಿರಲೂಬಹುದು.

ಈಗ ಚೇಚ್ಚಿಯ ಮೊಮ್ಮಗನ ಒಂದನೇ ಕ್ಲಾಸಿನ ಪುಸ್ತಕ ನನ್ನ ಮೇಜಿನ ಮೇಲಿದೆ. ಸಂಜೆ ಅವನೇ ಬಂದು ಪಾಠ ಹೇಳುತ್ತಾನೆ. 'ಮೞ' ಅನ್ನಲು ನನಗೆ ಬರುವುದಿಲ್ಲ, 'ಮಳ' ಅನ್ನುತ್ತೇನೆ. ಹಳಗನ್ನಡದಲ್ಲಿ ನಮ್ಮದೂ 'ಮೞೆ'ಯೇ ಆಗಿತ್ತು ಕಣೋ, ಆಮೇಲೆ ನಾವು ಆ ಅಕ್ಷರ ಕಳೆದುಕೊಂಡೆವು ಅಂತ ಅವನಿಗೆ ವಿವರಿಸಲು ಹೋದೆ. ಅವನು ಕೇಳಲಿಲ್ಲ. ನಾಲಿಗೆ ಮಡಚಿ ತೋರಿಸಿ, ಇನ್ನೊಂದು ಸಲ ಹೇಳಿ ಅಂಕಲ್ ಅಂದ.